ಗೋಡೆಗೋ, ಸಾರಿಗೋ

ಮೂರನೇ ಸಲವೂ ಹೆಬ್ಬೆರಳು ಕಟ್ಟಿನಿಂದ ಜಾರಿಕೊಂಡಿತು.

ಹರಿಣಿ ತಾತನ ಎರಡೂ ಕೈಗಳನ್ನು ಮತ್ತೆ ಎದೆಯ ಮೇಲೆ ತಂದು, ಹೆಬ್ಬೆರಳುಗಳನ್ನು ಜೋಡಿಸಿ, ಬಿಳಿ ಬಟ್ಟೆಯ ಪಟ್ಟಿಯಿಂದ ಸುತ್ತತೊಡಗಿದಳು. ಎಡಗೈ ಹೇಳಿದ ಮಾತು ಕೇಳಿತು. ಬಲಗೈ ಕೇಳಲಿಲ್ಲ. ಅದರ ಹೆಬ್ಬೆರಳು ಈ ತುದಿಗೆ, ಕಿರುಬೆರಳು ಆ ತುದಿಗೆ ಚಾಚಿಕೊಂಡು, ಇಡೀ ಅಂಗೈ ಬಿಚ್ಚಿದ ಬೀಸಣಿಗೆಯ ಹಾಗೆ ನಿಂತುಬಿಟ್ಟಿತ್ತು.

"ಬಿಟ್ಬಿಡೇ ತಾಯಿ. ಅದು ಕಟ್ಟಿಸ್ಕೊಳ್ಳೋ ಕೈಯಲ್ಲ," ಎಂದರು ಮುನಿಶಾಮಮ್ಮ.

ಗಂಡನ ತಲೆಯ ಬಳಿ ಗೋಡೆಗೊರಗಿ ಕೂತಿದ್ದ ಮುನಿಶಾಮಮ್ಮ ಬೆಳಗಿನಿಂದ ಅತ್ತದ್ದು ಕಡಿಮೆ, ಅಪ್ಪಣೆ ಮಾಡಿದ್ದೇ ಹೆಚ್ಚು. ಪಲ್ಲಕ್ಕಿಗೆ ಹಳದಿ ಸೇವಂತಿಗೆಯೇ ಆಗಬೇಕು, ಬಿಳಿಯದು ಬೇಡ. ತಮಟೆ ನಿಲ್ಲಬಾರದು. ಬಂದವರಿಗೆಲ್ಲ ಪಕ್ಕದ ಮನೆಯಿಂದ ಕಾಫಿ ಬರಬೇಕು. ಎಂಬತ್ನಾಲ್ಕು ವರ್ಷ ಬಾಳಿದ ಮನುಷ್ಯ ರಾತ್ರಿ ಮುದ್ದೆ ಉಂಡು ಮಲಗಿ ಬೆಳಿಗ್ಗೆ ಏಳಲಿಲ್ಲ ಎಂದರೆ ಅದಕ್ಕೆ ಎದೆ ಬಡಿದುಕೊಳ್ಳುವುದು ಯಾಕೆ ಎನ್ನುವುದು ಅವರ ವಾದ. ಮಗ, ಹರಿಣಿಯ ಅಪ್ಪ ಅಂಬರೀಶ, ವಾರಕ್ಕೆರಡು ಸಲ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ತನ್ನ ಲಗೇಜ್ ಆಟೋದಲ್ಲೇ ಸೇವಂತಿಗೆ ಹೇರಿಕೊಂಡು ಬಂದಿದ್ದ. ಆಟೋದಿಂದ ಇನ್ನೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೋಗಿರಲಿಲ್ಲ.

ಹರಿಣಿ ಕಟ್ಟುವುದನ್ನು ಬಿಟ್ಟು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತಳು. ಅವಳಿಗೆ ಈ ಕೈ ಒಂದು ಸಲ ಮೋಸ ಮಾಡಿತ್ತು. ಅರಣ್ಯ ಇಲಾಖೆಯ ಕೆಲಸಕ್ಕೆ ಅರ್ಜಿ ಹಾಕಿದ ವರ್ಷ, ಎತ್ತರ ಸಾಲುತ್ತದೋ ಇಲ್ಲವೋ ಎಂದು ತಾತನ ಮುಂದೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತಾತ ಆವುಲಪ್ಪ ಹಿಮ್ಮಡಿಯಿಂದ ನೆತ್ತಿಯವರೆಗೆ ಗೇಣು ಹಾಕಿ, "ಆರು ಗೇಣೂ ಇಲ್ವಲ್ಲ ಮಗಾ," ಎಂದಿದ್ದರು. ಆರೂವರೆಯಾದರೂ ಬೇಕಿತ್ತು. ಅವಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಆಮೇಲೆ ಆದದ್ದಾಗಲಿ ಎಂದು ಹೋದರೆ ಅಲ್ಲಿ ಎತ್ತರ ಎರಡು ಇಂಚು ಹೆಚ್ಚೇ ಬಂತು. ಅಳತೆಕೋಲು ಕೆಟ್ಟಿರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಂಡು ಬಂದಿದ್ದಳು. ವಿಷಯ ಹೇಳಿದಾಗ ತಾತ ತಮ್ಮ ಕೈಯನ್ನೊಮ್ಮೆ ನೋಡಿಕೊಂಡು ಕೆಮ್ಮು ಬರುವಷ್ಟು ನಕ್ಕಿದ್ದರು. ಈಗ ಅವಳು ಉಪ ವಲಯ ಅರಣ್ಯಾಧಿಕಾರಿ. ಊರ ಹಿಂದಿನ ಗುಬ್ಬಿಬಂಡೆ ಗುಡ್ಡವೂ ಅವಳ ಸರಹದ್ದಿಗೇ ಸೇರುತ್ತದೆ.

ಹೊರಗೆ ತಮಟೆ ತಟ್ಟನೆ ನಿಂತಿತು.

"ಯಾಕೋ ನಿಲ್ಸಿದ್ದು?" ಮುನಿಶಾಮಮ್ಮ ಕೂತಲ್ಲಿಂದಲೇ ಕೂಗಿದರು.

ಬಾಗಿಲಲ್ಲಿ ಅವರ ತಮ್ಮ ಪಿಳ್ಳಪ್ಪ ಕಾಣಿಸಿಕೊಂಡರು. ಎಪ್ಪತ್ತೇಳಾದರೂ ಭಾವನ ಸಾವಿಗೆ ತಮಟೆಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದರು. ಎಡಗಣ್ಣಿನ ಜಾಗದಲ್ಲಿ ಒಂದು ಗುಳಿ, ಬಲಗಣ್ಣಿನಲ್ಲಿ ಆಶ್ಚರ್ಯ.

"ಅಕ್ಕಾ, ದೊಡ್ಡ ಮನೆ ಗೌಡ್ರು ಬಂದವ್ರೆ. ಒಳಕ್ಕೆ ಬರ್ತಾವ್ರೆ."

ಅದು ತಮಟೆ ನಿಲ್ಲಿಸುವಂಥ ವಿಷಯವೇ. ವೆಂಕಟರಾಮಪ್ಪನವರಿಗೆ ಎಂಬತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಅವರು ಈ ಕೇರಿಯ ಬಾಯಿಯವರೆಗೆ ಬಂದಿದ್ದುಂಟು, ಅಲ್ಲೇ ನಿಂತು "ಆವುಲಾ" ಎಂದು ಕೂಗಿದ್ದುಂಟು, ಒಳಗೆ ಕಾಲಿಟ್ಟಿದ್ದಿಲ್ಲ. ಈಗ ಕೋಲೂರಿಕೊಂಡು, ಮಗ ಮುರಳಿಮೋಹನನ ಭುಜ ಹಿಡಿದು, ತಲೆ ಬಗ್ಗಿಸಿ ಬಾಗಿಲು ದಾಟಿದರು. ಮುರಳಿಮೋಹನನ ಒಂದು ಕೈಯಲ್ಲಿ ಗುಲಾಬಿ ಹಾರ, ಇನ್ನೊಂದು ಕೈಯಲ್ಲಿ ಗೋಣಿಚೀಲದ ಗಂಟು. ಗಂಟಿನಿಂದ ಏನೋ ಎರಡು ಮೊನೆಗಳು ಗೋಣಿಯನ್ನು ತೂತು ಮಾಡಿಕೊಂಡು ಹೊರಗೆ ಬಂದಿದ್ದವು. ಹರಿಣಿಯ ಕಣ್ಣು ಅಲ್ಲೇ ನಿಂತಿತು. ಮುರಳಿಮೋಹನ ಅದನ್ನು ಕಂಡು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಅಪ್ಪಾ, ಆ ಹುಡುಗಿ ಫಾರೆಸ್ಟು. ಕಾರಲ್ಲೇ ಇರ್ಲಿ ಅಂತ ಹೇಳಿದ್ನಲ್ಲ," ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಬೀದಿಯವರೆಗೂ ಕೇಳಿಸಿತು.

ವೆಂಕಟರಾಮಪ್ಪನವರು ಹಾರ ಹಾಕಿಸಿದರು. ಕೈ ಮುಗಿದರು. ಆಮೇಲೆ ಹೋಗಲಿಲ್ಲ. ಹೆಣದ ಬಲಗೈಯನ್ನೇ ನೋಡುತ್ತ ನಿಂತುಕೊಂಡರು.

"ಮುನಿಶಾಮಮ್ಮ," ಎಂದರು ಕೊನೆಗೆ, "ಆವುಲಪ್ಪನ ಬಲಗೈ ಒಂದೈದು ನಿಮಿಷ ಬೇಕಾಗಿತ್ತು."

*

ಆಗಿನ ಕಾಲಕ್ಕೆ ಗುಬ್ಬಿಬಂಡೆ ಗುಡ್ಡದಲ್ಲಿ ಶಿಕಾರಿ ಮಾಡುವುದು ತಪ್ಪಲ್ಲ, ದೊಡ್ಡಸ್ತಿಕೆ. ವರ್ಷಕ್ಕೆ ಮೂರು ನಾಲ್ಕು ಸಲ ಬೆಂಗಳೂರಿನಿಂದ, ಚಿಂತಾಮಣಿಯಿಂದ ವೆಂಕಟರಾಮಪ್ಪನವರ ಮನೆಗೆ ಜೀಪುಗಳು ಬರುತ್ತಿದ್ದವು. ಕೇರಿಯ ಗಂಡಸರು ಡಬ್ಬ ಬಡಿದು ಕೂಗುತ್ತ ಗುಡ್ಡದ ನೆತ್ತಿಯಿಂದ ಜಿಂಕೆಗಳನ್ನು ಕೆಳಕ್ಕೆ ಅಟ್ಟಬೇಕು. ಕೆಳಗೆ ಬಂಡೆಗಳ ಮರೆಯಲ್ಲಿ ಕೋವಿ ಹಿಡಿದವರು ಕಾದಿರುತ್ತಿದ್ದರು. ಜಿಂಕೆ ಬಿದ್ದ ಮೇಲೆ ಆವುಲಪ್ಪನ ಸರದಿ.

ಆವುಲಪ್ಪ ಹುಡುಗತನದಲ್ಲಿ ಆರು ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದ. ಸತ್ತ ಪ್ರಾಣಿಯ ಚರ್ಮ ಹದಮಾಡಿ, ಒಳಗೆ ತುಂಬಿಸಿ, ಗಾಜಿನ ಕಣ್ಣಿಟ್ಟು, ಜೀವ ಇದ್ದಂತೆಯೇ ನಿಲ್ಲಿಸುವ ಜಾಗ ಅದು. ಅಪ್ಪ ಸತ್ತು ಊರಿಗೆ ಬಂದಾಗ ಜೊತೆಗೆ ಆ ವಿದ್ಯೆಯನ್ನೂ ತಂದ. ಸುತ್ತಮುತ್ತ ಯಾರು ಏನು ಹೊಡೆದರೂ ಅದರ ತಲೆ ಗೋಡೆಗೆ ಹಾಕಿಸಲು ಯೋಗ್ಯವೋ ಅಲ್ಲವೋ ಎಂದು ಹೇಳುವವನು ಅವನೇ. ಅವನು ಹೂಂ ಅನ್ನದ ತಲೆಯನ್ನು ಕಾರ್ಖಾನೆಯವರು ಮುಟ್ಟುತ್ತಿರಲಿಲ್ಲ.

ಅವನು ಅವಸರಪಡುತ್ತಿರಲಿಲ್ಲ. ಕಿವಿ ಹರಿದಿದೆಯೇ, ಕಣ್ಣಿನ ರೆಪ್ಪೆ ಕೆಟ್ಟಿದೆಯೇ, ಗುಂಡು ಕತ್ತಿಗೆ ಬಿದ್ದಿದೆಯೇ, ಹಿಡಿದೆಳೆದರೆ ಕೂದಲು ಕಿತ್ತು ಬರುತ್ತದೆಯೇ ಎಂದು ಒಂದೊಂದನ್ನೇ ನೋಡುವನು. ಕಟ್ಟಕಡೆಗೆ ಕೊಂಬು. ಬುಡದಿಂದ ತುದಿಯವರೆಗೆ, ಬಾಗು ಬಾಗಿದ ಹಾಗೇ ಗೇಣು ಹಾಕಿಕೊಂಡು ಹೋಗುವನು. ಮೂರೂವರೆ ಗೇಣು ದಾಟಿದರೆ ತಲೆ ಗೋಡೆಗೆ. ದಾಟದಿದ್ದರೆ ಪೂರ್ತಿ ಜಿಂಕೆ ಸಾರಿಗೆ. ಸುತ್ತ ನಿಂತ ದೊಡ್ಡ ದೊಡ್ಡ ಮನುಷ್ಯರು ಪರೀಕ್ಷೆ ಬರೆದ ಮಕ್ಕಳ ಹಾಗೆ ಉಸಿರು ಬಿಗಿಹಿಡಿದು, "ಗೋಡೆಗೋ ಸಾರಿಗೋ, ಆವುಲಾ?" ಎಂದು ಕೇಳುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ವೆಂಕಟರಾಮಪ್ಪನವರು ಒಂದು ಗಂಡು ಜಿಂಕೆ ಹೊಡೆದರು. ಅಂಥ ಕೊಂಬನ್ನು ಆ ಗುಡ್ಡದಲ್ಲಿ ಯಾರೂ ನೋಡಿರಲಿಲ್ಲ. ಅವರು ಎಷ್ಟು ಖಚಿತವಾಗಿದ್ದರೆಂದರೆ, ಜಿಂಕೆ ಮನೆಗೆ ಬರುವ ಮೊದಲೇ ಆಳನ್ನು ಕಳಿಸಿ ನಡುಮನೆಯ ಗೋಡೆಗೆ ಒಂದು ಮೊಳೆ ಹೊಡೆಸಿದ್ದರು. ಅಂಗಳದಲ್ಲಿ ನಲವತ್ತು ಜನ. ಇಪ್ಪತ್ತೊಂಬತ್ತರ ಆವುಲಪ್ಪ ಮಂಡಿಯೂರಿ ಕೂತು ಗೇಣು ಹಾಕಿದ. ಒಂದು. ಎರಡು. ಮೂರು. ಉಳಿದ ಜಾಗಕ್ಕೆ ಬೆರಳು ಜೋಡಿಸಿ ಇಟ್ಟ.

"ಮೂರು ಗೇಣು, ಮೇಲೆ ನಾಲ್ಕು ಬೆರಳು," ಎಂದ. "ಸಾರಿಗೆ, ಗೌಡ್ರೇ."

ಬೆಂಗಳೂರಿನ ನೆಂಟನೊಬ್ಬ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಆ ರಾತ್ರಿ ವೆಂಕಟರಾಮಪ್ಪನವರು ಸಾರಿಗೆ ಕೈ ಹಾಕಲಿಲ್ಲ. ಕೊಂಬನ್ನು ಬುರುಡೆಯ ಚೂರಿನ ಸಮೇತ ಅಟ್ಟಕ್ಕೆ ಎಸೆದರು. ಎರಡು ವರ್ಷಕ್ಕೆ ಶಿಕಾರಿಯ ವಿರುದ್ಧ ಕಾನೂನು ಬಂತು. ಕೊಂಬು ಅಟ್ಟದಲ್ಲೇ ಉಳಿಯಿತು, ಮೊಳೆ ಗೋಡೆಯಲ್ಲೇ ಉಳಿಯಿತು. ಐವತ್ತೈದು ವರ್ಷ ಆ ಮೊಳೆಗೆ ಅವರು ಒಂದು ಕ್ಯಾಲೆಂಡರನ್ನೂ ನೇತುಹಾಕಲು ಬಿಡಲಿಲ್ಲ.

*

"ಆವತ್ತು ಆವುಲಪ್ಪ ಎಣಿಸಿದ್ರಲ್ಲಿ ಏನೋ ಮೋಸ ಇತ್ತು," ಎಂದರು ವೆಂಕಟರಾಮಪ್ಪನವರು. ಯಾರೋ ಕುರ್ಚಿ ತಂದರೂ ಅವರು ಕೂರಲಿಲ್ಲ. "ನಾನು ಅಟ್ಟ ಹತ್ತಿ ಅದೆಷ್ಟು ಸಲ ನನ್ನ ಕೈಲಿ ಗೇಣು ಹಾಕಿದೀನೋ. ನನ್ನ ಗೇಣಿಗೆ ಹೆಚ್ಚು ಕಡಿಮೆ ನಾಲ್ಕು ಬರ್ತದೆ. ಆದ್ರೆ ನನ್ನ ಜಿಂಕೆನ ನಾನೇ ಅಳೆದ್ರೆ ಯಾರು ಒಪ್ತಾರೆ? ಇನ್ನೊಂದು ಸಲ ಅಳೆಯೋ ಅಂತ ಇವನನ್ನ, ಇವರನ್ನ, ವರ್ಷ ವರ್ಷ ಕೇಳ್ದೆ. ಒಂದು ಸಲ ಹೇಳಿದ್ದು ಹೇಳಿದ್ದೇ ಅಂದ್ಬಿಟ್ರು. ಈಗ ಅವರ ಕೈ ಅಳೀಲಿ. ಸತ್ತ ಕೈ ಸುಳ್ಳು ಹೇಳಲ್ಲ."

ಅಂಬರೀಶನಿಗೆ ಮೈ ಉರಿಯಿತು. "ನಮ್ಮಪ್ಪನ ಹೆಣ ಏನು ಅಳತೆಪಟ್ಟಿನಾ ಗೌಡ್ರೇ? ಮೂರು ಗಂಟೆಗೆ ಮಣ್ಣು ಮಾಡ್ಬೇಕು. ಹಾರ ಹಾಕಿದ್ರಲ್ಲ, ಸಾಕು."

"ಅಪ್ಪಾ, ಹೋಗಣ," ಎಂದ ಮುರಳಿಮೋಹನ. ಅವನ ಚಿಂತೆಯೆಲ್ಲ ಚೀಲದ್ದೇ. ಹರಿಣಿ ಅದರಿಂದ ಕಣ್ಣು ತೆಗೆದಿರಲಿಲ್ಲ.

"ಕೂತ್ಕೊಳೋ ಅಂಬರೀಶ," ಎಂದರು ಮುನಿಶಾಮಮ್ಮ. ಅವರು ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನೊಮ್ಮೆ ನೋಡಿ, ಆಮೇಲೆ ವೆಂಕಟರಾಮಪ್ಪನವರನ್ನು ನೋಡಿದರು. "ಕೈ ಕೊಡ್ತೀನಿ ಗೌಡ್ರೇ. ಸುಮ್ನೆ ಕೊಡಲ್ಲ."

"ಏನು ಬೇಕು ಕೇಳಮ್ಮ."

"ನನ್ನ ತಮ್ಮನ ಕಣ್ಣು ಹೆಂಗೆ ಹೋಯ್ತು ಅಂತ ಇಷ್ಟು ಜನದ ಮುಂದೆ ನಿಮ್ಮ ಬಾಯಲ್ಲಿ ಹೇಳಿ. ಆಮೇಲೆ ನೀವೇ ಆ ಕೈ ಹಿಡ್ಕಂಡು ಅಳೀರಿ."

ಪಿಳ್ಳಪ್ಪ ಅಕ್ಕನ ಕಡೆಗೆ ತಿರುಗಿದರು. "ಈಗ್ಯಾಕಕ್ಕಾ ಅದು?"

"ನುವ್ವು ಊರ್ಕೋರಾ," ಎಂದರು ಅಕ್ಕ. ತಮ್ಮನ ಬಾಯಿ ಮುಚ್ಚಿಸುವಾಗ ಮಾತ್ರ ಅವರಿಗೆ ತೌರಿನ ತೆಲುಗು ಬರುತ್ತಿತ್ತು.

*

ಆ ಜಿಂಕೆ ಬೀಳುವುದಕ್ಕೂ ಎರಡು ವರ್ಷ ಹಿಂದಿನ ಮಾತು. ಜಿಂಕೆ ಅಟ್ಟುವವರಲ್ಲಿ ಪಿಳ್ಳಪ್ಪನ ಗಂಟಲೇ ದೊಡ್ಡದು. ಇಪ್ಪತ್ತು ವರ್ಷದ ಅವನು ಎಲ್ಲರಿಗಿಂತ ಮುಂದೆ ಕೂಗುತ್ತ ಇಳಿಯುತ್ತಿದ್ದ. ಅವತ್ತು ಬೆಂಗಳೂರಿನ ಒಬ್ಬ ಅತಿಥಿಗೆ ಕಾಯುವ ತಾಳ್ಮೆ ಇರಲಿಲ್ಲ. ಲಂಟಾನದ ಪೊದೆ ಅಲ್ಲಾಡಿದ್ದೇ ತಡ, ಕೋವಿ ಹಾರಿಸಿದ. ಪೊದೆಯಲ್ಲಿದ್ದದ್ದು ಪಿಳ್ಳಪ್ಪ. ಕೋವಿಯ ಸಣ್ಣ ಗುಂಡುಗಳ ಚರೆ ಮೈಯೆಲ್ಲ ತಗುಲಿತು. ಅದರಲ್ಲೊಂದು ಎಡಗಣ್ಣಿಗೆ.

ಆವುಲಪ್ಪ ಹೆಂಡತಿಯ ತಮ್ಮನನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿದ. ಜೀಪಿನ ಸೀಟಿಗೆ ರಕ್ತ ಆಗುತ್ತದೆ ಎಂದು ಯಾರೋ ಅಂದದ್ದರಿಂದ ಹೆದ್ದಾರಿಯವರೆಗೂ ಹೊತ್ತೇ ನಡೆದ. ಅವರು ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ವೆಂಕಟರಾಮಪ್ಪನವರು ಮುಂದಾಗಿ ಹೋಗಿ, ಜಾಲಿ ಮುಳ್ಳು ಚುಚ್ಚಿದೆ ಎಂದು ಬರೆಸಿ ಮುಗಿಸಿದ್ದರು. ಪಿಳ್ಳಪ್ಪ ಅಲ್ಲ ಅಂದ. ಕಾಗದದಲ್ಲಿ ಮುಳ್ಳು ಎಂದಿದೆಯಲ್ಲ ಎಂದರು ಅಲ್ಲಿನವರು. ಅವನು ಊರಿಗೆ ವಾಪಸ್ಸು ಬರುವ ಮೊದಲೇ ಮುಳ್ಳಿನ ಸುದ್ದಿ ಬಂದಿತ್ತು. ಅವತ್ತಿನಿಂದ ಅವನು ಮುಳ್ಳು ಪಿಳ್ಳಪ್ಪ. ಮದುವೆಯ ಕರೆಯೋಲೆ ಕೊಡುವವರೂ ಹಾಗೇ ಕೇಳಿಕೊಂಡು ಬರುತ್ತಿದ್ದರು. ಈಗಿನ ಹುಡುಗರಂತೂ ಅದನ್ನು ಅವರ ಮನೆತನದ ಹೆಸರೆಂದೇ ತಿಳಿದಿದ್ದರು.

ಆವುಲಪ್ಪ ಒಂದು ಮಾತೂ ಆಡಲಿಲ್ಲ. ಮುಂದಿನ ಶಿಕಾರಿಗೂ ಹೋದ. ಹೇಡಿ ಎಂದು ಕೇರಿಯವರು ಬೈದುಕೊಂಡರು.

*

ತಮಟೆಯಿಲ್ಲದ ಮನೆಯಲ್ಲಿ ಊದುಬತ್ತಿಯ ಹೊಗೆ ಮಾತ್ರ ಅಲುಗಾಡುತ್ತಿತ್ತು. ವೆಂಕಟರಾಮಪ್ಪನವರು ಕೋಲಿನ ಹಿಡಿಯನ್ನು ತಿರುಗಿಸುತ್ತ ನಿಂತರು. ಈ ಮಾತನ್ನು ಐವತ್ತೇಳು ವರ್ಷ ಒಳಗೇ ಇಟ್ಟುಕೊಂಡವರು ಇನ್ನೂ ನಾಲ್ಕು ದಿನ ಇಟ್ಟುಕೊಂಡಿದ್ದರೆ ಅದು ಅವರ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಆದರೆ ಎದುರಿಗೆ ಆ ಕೈ ಇತ್ತು. ಮೂರು ಗಂಟೆಗೆ ಅದು ಹೋಗಿಬಿಡುತ್ತದೆ. ಹೋದರೆ ಆ ಜಿಂಕೆ ಗೋಡೆಗೋ ಸಾರಿಗೋ ಎಂದು ಹೇಳುವವರು ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ.

"ಮುಳ್ಳಲ್ಲ," ಎಂದರು. "ಚರೆ."

"ಕೇಳಿಸ್ಲಿಲ್ಲ ಗೌಡ್ರೇ," ಎಂದರು ಪಿಳ್ಳಪ್ಪ. "ತಮಟೆ ಹೊಡ್ದು ಹೊಡ್ದು ಕಿವಿ ಮಂದ. ಇನ್ನೊಂದು ಕಿತ ಹೇಳಿ."

ಪಿಳ್ಳಪ್ಪನವರ ಕಿವಿ ಅತ್ಯಂತ ಚುರುಕು ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಮುಳ್ಳು ಚುಚ್ಚಿದ್ದಲ್ಲ," ವೆಂಕಟರಾಮಪ್ಪನವರು ಗಂಟಲು ಏರಿಸಿ ಹೇಳಿದರು. "ನನ್ನ ಮನೆಗೆ ಬಂದಿದ್ದವನು ಹಾರಿಸಿದ ಗುಂಡು. ಮುಳ್ಳು ಅಂತ ಬರ್ಸಿದ್ದು ನಾನು. ತಪ್ಪಾಯ್ತು, ಪಿಳ್ಳಪ್ಪ."

ಬೀದಿಯಲ್ಲಿ ನಿಂತವರಿಗೂ ಕೇಳಿಸಿತು. ಪಿಳ್ಳಪ್ಪ ತಮ್ಮ ಒಂದೇ ಕಣ್ಣನ್ನು ಟವಲಿನಿಂದ ಒರೆಸಿಕೊಂಡರು. ಅವರಿಗೆ ಅಳು ಬಂದಿತ್ತು, ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ಈಗ ಅಳೀರಿ," ಎಂದರು ಮುನಿಶಾಮಮ್ಮ.

ಮುರಳಿಮೋಹನ ಬೇರೆ ದಾರಿ ಕಾಣದೆ ಚೀಲ ಬಿಚ್ಚಿದ. ದೂಳು ಹಿಡಿದು ಕಪ್ಪಾದ ಜೋಡಿ ಕೊಂಬು ಹೊರಬಂದದ್ದೇ ಅಲ್ಲಿದ್ದ ಮುದುಕರೆಲ್ಲ ಕತ್ತು ಮುಂದೆ ಚಾಚಿದರು. ವೆಂಕಟರಾಮಪ್ಪನವರು ಕೋಲು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು, ಚಾಪೆಯ ಮೇಲೆ ಕೂತರು. ಆವುಲಪ್ಪನ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಈ ಕೇರಿಯ ಒಂದು ಕೈಯನ್ನೂ ಅವರು ಹಿಂದೆ ಹಿಡಿದವರಲ್ಲ.

ಸೆಟೆದ ಕೈಯನ್ನು ಕೊಂಬಿನ ಮೇಲೆ ನಡೆಸುವಂತಿರಲಿಲ್ಲ. ಹಾಗಾಗಿ ಕೊಂಬನ್ನೇ ಕೈಯ ಕೆಳಗೆ ಸರಿಸುತ್ತ ಹೋದರು. ಒಂದು ಗೇಣಾದಾಗಲೆಲ್ಲ ಹರಿಣಿ ವಿಭೂತಿಯಿಂದ ಗುರುತು ಹಾಕಿದಳು. ಯಾರೂ ಹೇಳದಿದ್ದರೂ ಜನವೇ ಎಣಿಸತೊಡಗಿತು. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಇಡುವಾಗ ಕೊಂಬಿನ ತುದಿ ಅಂಗೈಯ ಒಳಗೇ ಮುಗಿದುಹೋಯಿತು. ಪಿಳ್ಳಪ್ಪ ಬಗ್ಗಿ, ಉಳಿದ ಜಾಗಕ್ಕೆ ಭಾವನ ಎಡಗೈ ಬೆರಳುಗಳನ್ನು ಜೋಡಿಸಿ ಇಟ್ಟರು.

"ಮೂರು ಗೇಣು, ಮೇಲೆ ನಾಲ್ಕು ಬೆರಳು," ಎಂದರು. "ಸಾರಿಗೆ, ಗೌಡ್ರೇ."

ಸತ್ತ ಮನೆಯಲ್ಲಿ ನಗಬಾರದು ಎಂದು ಎಲ್ಲರೂ ತಡೆದುಕೊಂಡರು. ಹಿಂದೆ ನಿಂತಿದ್ದ ಹೆಂಗಸೊಬ್ಬಳಿಗೆ ಆಗಲಿಲ್ಲ. ಅವಳ ಹಿಂದೆಯೇ ಇಡೀ ಮನೆ ನಕ್ಕಿತು. ಅಂಬರೀಶನೂ ನಕ್ಕ. ವೆಂಕಟರಾಮಪ್ಪನವರು ಮಾತ್ರ ಕೊಂಬು ಹಿಡಿದು, ಎರಡನೇ ಸಲ ಫೇಲಾದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು.

ಹರಿಣಿ ನಗುತ್ತಿರಲಿಲ್ಲ. ಆರು ಗೇಣೂ ಇಲ್ವಲ್ಲ ಮಗಾ ಎಂದಿದ್ದ ತಾತನ ಮಾತು ನೆನಪಾಗಿತ್ತು. ಅವಳು ಎದ್ದು ಹೋಗಿ, ಕೆಲಸದ ಬ್ಯಾಗಿನಿಂದ ಮರದ ಸುತ್ತಳತೆ ತೆಗೆಯುವ ಟೇಪು ತಂದಳು. ಮೊದಲು ಕೊಂಬು ಅಳೆದಳು. ಮೂವತ್ತನಾಲ್ಕೂವರೆ ಇಂಚು. ಆಮೇಲೆ ತಾತನ ಗೇಣು ಅಳೆದಳು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದಳು.

"ಚಿಕ್ಕತಾತ, ನಿಮ್ಮ ಕೈ ಕೊಡಿ," ಎಂದಳು. ಪಿಳ್ಳಪ್ಪನವರದು ಒಂಬತ್ತು ಇಂಚು. ಅಪ್ಪನದು ಒಂಬತ್ತು. "ಗೌಡ್ರೇ, ನಿಮ್ಮದು." ವೆಂಕಟರಾಮಪ್ಪನವರದೂ ಒಂಬತ್ತು.

"ತಾತಂದು ಹತ್ತೂವರೆ," ಎಂದಳು ಹರಿಣಿ.

ಎಲ್ಲರೂ ಮುನಿಶಾಮಮ್ಮನ ಮುಖ ನೋಡಿದರು. ಅವರು ಹಿತ್ತಲ ಬಾಗಿಲ ಕಡೆಗೆ ಗದ್ದ ಎತ್ತಿ ತೋರಿಸಿದರು.

"ಅಲ್ಲಿ ಒರಳುಕಲ್ಲು ಐತಲ್ಲ. ನನ್ನ ತಮ್ಮನ್ನ ಆಸ್ಪತ್ರೆಯಿಂದ ಕರ್ಕೊಂಡ್ಬಂದ ದಿನ ಸಂಜೆ ಅದರ ಮುಂದೆ ಕೂತ್ಕಂಡ್ರು. ಅದರ ಗುಳಿಯ ಈ ಅಂಚಿಗೆ ಹೆಬ್ಬೆಟ್ಟು, ಆ ಅಂಚಿಗೆ ಕಿರುಬೆಟ್ಟು ಮುಟ್ಟಬೇಕು ಅಂತ ಒತ್ತೋರು. ದಿನಾ ಸಂಜೆ. ಬೆರಳ ಸಂದು ಹರಿದು ರಕ್ತ ಬರೋದು. ನಾನು ಹರಳೆಣ್ಣೆ ಹಚ್ಚಿ ಕಟ್ಟೋಳು, ಬೆಳಿಗ್ಗೆ ಬಿಚ್ಚಿ ಮತ್ತೆ ಒತ್ತೋರು. ಯಾಕೆ ಅಂತ ಕೇಳಿದ್ರೆ, ಇವ್ರು ಬರೋದು ಗೋಡೆಗೆ ಕಣೇ, ಸಾರಿಗಲ್ಲ, ಅನ್ನೋರು. ಗೋಡೆಗೆ ಸಿಗ್ದಂಗೆ ಮಾಡಿದ್ರೆ ಗುಡ್ಡ ಹತ್ತಲ್ಲ, ನಮ್ಮ ಹುಡುಗ್ರು ಉಳೀತಾರೆ, ಅನ್ನೋರು. ಎಂಟು ತಿಂಗಳಿಗೆ ಎರಡು ಅಂಚೂ ಮುಟ್ತು."

ಅವರು ಗಂಡನ ಕೆನ್ನೆಯ ಮೇಲೆ ಕೂತ ನೊಣವನ್ನು ಓಡಿಸಿದರು.

"ಆಮೇಲೆ ಹನ್ನೊಂದು ಜಿಂಕೆ ಅಳೆದ್ರು. ಹನ್ನೊಂದೂ ಸಾರಿಗೆ. ಆ ಗುಡ್ಡದಲ್ಲಿ ಇರೋದೆಲ್ಲ ಮೇಕೆ ಅಂದ್ಕಂಡು ನಿಮ್ಮ ನೆಂಟರು ಬರೋದು ನಿಲ್ಸಿದ್ರು. ಎಪ್ಪತ್ತೊಂದರಲ್ಲಿ ಒಂದು ಜೀಪೂ ಬರಲಿಲ್ಲ. ಇವರು ಹೇಡಿ ಅನ್ನಿಸ್ಕೊಂಡ್ರು, ಯಾರಿಗೂ ಹೇಳಲಿಲ್ಲ, ನನಗೂ ಆಣೆ ಹಾಕಿಸಿದ್ರು. ಒಂದೇ ಒಂದು ಸಲ ನಿಮ್ಮ ಕೈ ಅವರ ಕೈ ಪಕ್ಕ ಇಟ್ಟಿದ್ರೆ ಗೊತ್ತಾಗಿಬಿಡೋದು ಗೌಡ್ರೇ. ನೀವು ಇಡಲ್ಲ ಅಂತ ಅವರಿಗೆ ಗೊತ್ತಿತ್ತು."

ಪಿಳ್ಳಪ್ಪ ಭಾವನ ಕಾಲ ಬಳಿ ಕುಸಿದು ಕೂತರು. ತಮ್ಮ ಕಣ್ಣಿನ ಸಲುವಾಗಿ ಆ ಕೈ ಹರಿದಿತ್ತು ಎನ್ನುವುದು ಅವರಿಗೆ ಈ ಎಪ್ಪತ್ತೇಳನೇ ವಯಸ್ಸಿನಲ್ಲಿ ತಿಳಿಯುತ್ತಿತ್ತು. ಇದೇ ಭಾವನನ್ನು ಅವರೂ ಒಂದು ಕಾಲದಲ್ಲಿ ಹೇಡಿ ಎಂದಿದ್ದರು.

ವೆಂಕಟರಾಮಪ್ಪನವರು ಕೊಂಬನ್ನೂ ಕೈಯನ್ನೂ ನೋಡಿದರು. ಲೆಕ್ಕ ಅವರಿಗೆ ಈಗ ಹತ್ತಿತ್ತು.

"ಹಂಗಾದ್ರೆ ನನ್ನ ಜಿಂಕೆ ಗೋಡೆಗೆ," ಎಂದರು.

"ಗೋಡೆಗೇ," ಎಂದರು ಮುನಿಶಾಮಮ್ಮ. "ಅವತ್ತು ರಾತ್ರಿ ಮನೇಗೆ ಬಂದು ಹೇಳಿದ್ರು. ಎಂಥಾ ಕೊಂಬು ಕಣೇ, ನನ್ನ ಕೈಯಾರೆ ಸಾರಿಗೆ ಹಾಕಿಬಿಟ್ಟೆ ಅಂತ. ಅದೊಂದಕ್ಕೆ ಅವರಿಗೂ ಹೊಟ್ಟೆ ಉರೀತು."

ಆಗ ವೆಂಕಟರಾಮಪ್ಪನವರು ನಕ್ಕರು. ಸೋತ ನಗುವೋ ಗೆದ್ದ ನಗುವೋ ಮುರಳಿಮೋಹನನಿಗೆ ತಿಳಿಯಲಿಲ್ಲ. ಅಪ್ಪ ಹಾಗೆ ನಕ್ಕದ್ದನ್ನು ಅವನು ನೋಡಿರಲೇ ಇಲ್ಲ.

ಹರಿಣಿ ಟೇಪು ಸುತ್ತಿಟ್ಟು, ಬ್ಯಾಗಿನಿಂದ ಕಾಗದ ತೆಗೆದಳು. "ಗೌಡ್ರೇ, ಇದನ್ನ ನಾನು ವಶಕ್ಕೆ ತಗೋಬೇಕು. ನನ್ನ ಕಣ್ಣೆದುರಿಗೆ ಬಂದಿದೆ, ಬಿಟ್ಟರೆ ನನ್ನ ಕೆಲಸ ಹೋಗತ್ತೆ. ತಾವಾಗಿ ಒಪ್ಪಿಸಿದ್ರು ಅಂತ ಬರೀತೀನಿ. ಆದ್ರೂ ಕೇಸು ಆಗಬಹುದು."

ಮುರಳಿಮೋಹನ ಬಾಯಿ ತೆರೆದ. ಅವನಪ್ಪ ಕೈಯೆತ್ತಿ ತಡೆದರು.

"ಬರೀರಿ ಮೇಡಂ. ಎಂಬತ್ತೆಂಟರಲ್ಲಿ ಕೇಸು, ಆಗ್ಲಿ. ಉದ್ದ ಮಾತ್ರ ಮರೀಬೇಡಿ."

"ಮೂವತ್ತನಾಲ್ಕೂವರೆ ಇಂಚು," ಬರೆಯುತ್ತ ಓದಿದಳು ಹರಿಣಿ.

"ಗೋಡೆಗೆ ಅಂತಾನೂ ಹಾಕಿ."

"ಅದಕ್ಕೆ ಜಾಗ ಇಲ್ಲ ಗೌಡ್ರೇ."

"ನನ್ನ ಕಣ್ಣಿಗೆ ಜಾಗ ಐತಾ ಮಗಾ?" ಎಂದರು ಕೂತಲ್ಲಿಂದಲೇ ಪಿಳ್ಳಪ್ಪ. "ಕಾಗದದಲ್ಲಿ ಮುಳ್ಳು ಅಂತ ಬರೆದ್ರಲ್ಲ. ಕಾಗದದಲ್ಲೇ ಅಳಿಸ್ಬೇಕು."

ಹರಿಣಿ ಕಾಗದ ತಿರುವಿ ನೋಡಿದಳು. ಕೊಂಬು ಎಲ್ಲಿಂದ ಬಂತು, ಆ ಗುಡ್ಡದಲ್ಲಿ ಶಿಕಾರಿ ಹೇಗೆ ನಡೆಯುತ್ತಿತ್ತು ಎನ್ನುವ ಹೇಳಿಕೆಗೆ ಜಾಗವಿತ್ತು. ಅಲ್ಲಿ ಬರೆದಳು. ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿಯಲ್ಲಿ ಸದರಿ ಗುಡ್ಡದಲ್ಲಿ ಸದರಿಯವರ ಅತಿಥಿಯ ಕೋವಿಯಿಂದ ಶ್ರೀ ಪಿಳ್ಳಪ್ಪನವರ ಎಡಗಣ್ಣು ಹೋಗಿರುತ್ತದೆ. ಗಟ್ಟಿಯಾಗಿ ಎರಡು ಸಲ ಓದಿದಳು. ವೆಂಕಟರಾಮಪ್ಪನವರು ಸಹಿ ಹಾಕಿದರು. ಸಾಕ್ಷಿಯ ಜಾಗದಲ್ಲಿ ಪಿಳ್ಳಪ್ಪ, ಬರೀ ಪಿಳ್ಳಪ್ಪ ಎಂದು, ಒಂದೊಂದೇ ಅಕ್ಷರ ಒತ್ತಿ ಬರೆದರು.

"ಇನ್ನೂ ಯಾಕೆ ತಮಟೆ ನಿಂತೈತೆ?" ಎಂದರು ಮುನಿಶಾಮಮ್ಮ.

ಮೂರಕ್ಕೆ ಎತ್ತಬೇಕಾದದ್ದು ಮೂರೂಮುಕ್ಕಾಲಾಯಿತು. ಆವುಲಪ್ಪನನ್ನು ಹಳದಿ ಪಲ್ಲಕ್ಕಿಯಲ್ಲಿ ಕೂರಿಸಿದರು. ಬಲಗೈಯನ್ನು ಕಟ್ಟುವ ಪ್ರಯತ್ನವನ್ನು ಯಾರೂ ಮಾಡಲಿಲ್ಲ. ಪಿಳ್ಳಪ್ಪ ತಮಟೆಗೆ ಹೊಡೆದ ಮೊದಲ ಏಟಿಗೆ ಕೇರಿಯ ಹುಡುಗರು ಶಿಳ್ಳೆ ಹಾಕಿ ಕುಣಿಯತೊಡಗಿದರು. ಯಾವಾಗಲೂ ಊರ ಹೊರಗಿನ ಓಣಿ ಹಿಡಿಯುತ್ತಿದ್ದ ಮೆರವಣಿಗೆ ಅವತ್ತು, ಯಾರೂ ಯಾರನ್ನೂ ಕೇಳದೆ, ದೊಡ್ಡ ಬೀದಿಗೆ ತಿರುಗಿತು. ಅಂಬರೀಶ ಹಿಡಿ ಹಿಡಿ ಸೇವಂತಿಗೆ ತೂರುತ್ತ ಮುಂದೆ ನಡೆದ. ಗುಬ್ಬಿಬಂಡೆ ಗುಡ್ಡದ ಬುಡದ ಹಿಪ್ಪುನೇರಳೆ ತೋಟದಲ್ಲಿ ಜಿಂಕೆಗಳು ಸೊಪ್ಪು ಮೇಯುತ್ತಿದ್ದವು. ಓಡಿಸಬೇಕಾದವರೆಲ್ಲ ಮೆರವಣಿಗೆಯಲ್ಲಿದ್ದರು.

ವೆಂಕಟರಾಮಪ್ಪನವರು ಕಾರು ಹತ್ತಲಿಲ್ಲ. ಮಗನ ಭುಜ ಹಿಡಿದು ಪಲ್ಲಕ್ಕಿಯ ಹಿಂದೆಯೇ ನಡೆದರು. ಮುಂದೆ ಹೂವಿನ ನಡುವೆ ಆ ಕೈ ಒಂದೊಂದು ಹೆಜ್ಜೆಗೂ ಓಲಾಡುತ್ತಿತ್ತು. ತಮ್ಮ ಮನೆಯ ಮುಂದೆ ಬಂದರೂ ಅವರು ತಲೆ ಎತ್ತಲಿಲ್ಲ. ಕೋಲಿನ ಮೇಲೆ ತಮ್ಮ ಬಲಗೈಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಹಿಗ್ಗಿಸಿ, ನೋವಾಗುವವರೆಗೆ ಹಿಗ್ಗಿಸಿ ನೋಡುತ್ತಿದ್ದರು. ಸಾಲದೆ ಮತ್ತೆ ಹಿಗ್ಗಿಸುತ್ತಿದ್ದರು.